ಹಾರ್ಡ್ ಡಿಸ್ಕ್ ಕೈಕೊಟ್ಟಾಗ ಕೊಬ್ಬರಿ ಲೆಕ್ಕ ಉಳಿಸಿಕೊಳ್ಳೋದು ಹೇಗೆ?

ಈ ವಾರ ಗೊಬ್ಬರ, ರೋಗದ ಮಾತಲ್ಲ. ಲೆಕ್ಕದ ಪುಸ್ತಕ ಕಂಪ್ಯೂಟರಿಗೆ ಹೋದ ಮೇಲೆ ಬಂದಿರೋ ತೊಂದರೆಯೊಂದರ ಬಗ್ಗೆ ಹೇಳ್ತೀನಿ. ಸಂಘ, ಉತ್ಪಾದಕರ ಕಂಪನಿ, ನರ್ಸರಿ, ಎಣ್ಣೆ ಗಾಣ ನಡೆಸೋ ಎಲ್ಲರಿಗೂ ಇದು ಬೇಕು.

ತುರುವೇಕೆರೆ ಹತ್ತಿರ ನಾವು ನಾಲ್ಕೈದು ಊರಿನವರಿಂದ ಉಂಡೆ ಕೊಬ್ಬರಿ ಸೇರಿಸಿ ತಿಪಟೂರು ಮಾರುಕಟ್ಟೆಗೆ ಹಾಕ್ತೀವಿ. ಯಾರದು ಎಷ್ಟು ಚೀಲ, ತೂಕ ಎಷ್ಟು, ಮುಂಗಡ ಎಷ್ಟು, ಬಾಕಿ ಎಷ್ಟು, ಎಲ್ಲಾ ಒಂದೇ ಕಂಪ್ಯೂಟರಲ್ಲಿತ್ತು. ಒಂದು ಬೆಳಿಗ್ಗೆ ಆನ್ ಮಾಡಿದರೆ ಒಳಗಿಂದ ಟಕ್ ಟಕ್ ಸದ್ದು. ನಾನು ಏಳೆಂಟು ಸಲ ಆಫ್ ಮಾಡಿ ಆನ್ ಮಾಡಿದೆ. ಯಾರೋ ಹೇಳಿದರು ಅಂತ ಡಿಸ್ಕ್ ಚೆಕ್ ಕೂಡ ಓಡಿಸಿದೆ. ಸಂಜೆ ಹೊತ್ತಿಗೆ ಡಿಸ್ಕ್ ಕಾಣಿಸೋದೇ ನಿಂತುಹೋಯ್ತು. ಮೂರು ತಿಂಗಳ ಲೆಕ್ಕ ಹೋಯ್ತು.

2025ರ ಹಂಗಾಮಿಗೆ ಉಂಡೆ ಕೊಬ್ಬರಿ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ ಇತ್ತು. ಆ ದರದಲ್ಲೇ ಹಿಡಿದರೂ 50 ಕೆಜಿಯ ಒಂದು ಚೀಲ ಆಚೀಚೆ ಆದರೆ 6,050 ರೂಪಾಯಿ ವ್ಯತ್ಯಾಸ. ವರ್ಷದ ಹತ್ತಿರ ಅಟ್ಟದ ಮೇಲೆ ಕಾದ ಕಾಯಿ ಅದು. ದುಡ್ಡಿಗಿಂತ ದೊಡ್ಡದು ನಂಬಿಕೆ. "ನಿಮ್ಮ ಬಾಕಿ ಎಷ್ಟು ಅಂತ ನನಗೇ ಗೊತ್ತಿಲ್ಲ" ಅಂತ ಹಿರಿಯರ ಮುಂದೆ ನಿಂತು ಹೇಳೋದು ಬಹಳ ಕಷ್ಟ.

ಒಳಗೆ ಏನಾಗುತ್ತೆ?

ಹಾರ್ಡ್ ಡಿಸ್ಕ್ ಒಳಗೆ ಕನ್ನಡಿಯಂಥ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗ್ತಿರುತ್ವೆ. ಅದರ ಮೇಲೆ ಕೂದಲೆಳೆಗಿಂತ ಎಷ್ಟೋ ಪಾಲು ಕಡಿಮೆ ಅಂತರದಲ್ಲಿ ಓದೋ ತಲೆ ಓಡಾಡುತ್ತೆ. ಅದು ತಟ್ಟೆಗೆ ತಾಗಿದರೆ ಮೇಲಿನ ಪದರ ಕೆರೆದು ಹೋಗುತ್ತೆ. ಪ್ರತಿ ಸಲ ಆನ್ ಮಾಡಿದಾಗಲೂ ಇನ್ನಷ್ಟು ಕೆರೆಯುತ್ತೆ. ನಾನು ಮಾಡಿದ್ದು ಅದನ್ನೇ. ಎಸ್‌ಎಸ್‌ಡಿ ಆದರೆ ಸದ್ದೂ ಇರಲ್ಲ, ಎಷ್ಟೋ ಸಲ ಮುನ್ಸೂಚನೆ ಇಲ್ಲದೆ ಸತ್ತುಹೋಗುತ್ತೆ. ಪದೇ ಪದೇ ಕರೆಂಟ್ ಹೋಗಿ ಬರೋ ನಮ್ಮ ಕಡೆ ಯುಪಿಎಸ್ ಇಲ್ಲದಿದ್ದರೆ ಅಪಾಯ ಇನ್ನೂ ಜಾಸ್ತಿ.

ಡಿಸ್ಕ್ ಕೈಕೊಟ್ಟಾಗ

1. ವಿಚಿತ್ರ ಸದ್ದು ಬಂದರೆ ತಕ್ಷಣ ಆಫ್ ಮಾಡಿ. ಮತ್ತೆ ಆನ್ ಮಾಡಬೇಡಿ.
2. ಡಿಸ್ಕ್ ಚೆಕ್, ಫಾರ್ಮ್ಯಾಟ್, ಹೊಸ ವಿಂಡೋಸ್ ಯಾವುದೂ ಬೇಡ.
3. ಡಿಸ್ಕ್ ಬಿಚ್ಚಬೇಡಿ. ಒಂದು ಧೂಳಿನ ಕಣವೂ ಅದನ್ನು ಹಾಳು ಮಾಡಬಲ್ಲದು.
4. ಡೇಟಾ ಬೇಕೇ ಬೇಕು ಅಂದರೆ ಧೂಳಿಲ್ಲದ ಕೋಣೆ ಇರೋ ಡೇಟಾ ರಿಕವರಿ ಲ್ಯಾಬಿಗೇ ಕೊಡಿ. ಖರ್ಚು ಮೊದಲೇ ಕೇಳಿ. ಎಲ್ಲವೂ ವಾಪಸ್ ಬರುತ್ತೆ ಅನ್ನೋ ಖಾತ್ರಿ ಇಲ್ಲ.

ಮೊದಲೇ ಮಾಡಬೇಕಾದ್ದು

3-2-1 ಅನ್ನೋ ಸುಲಭ ಸೂತ್ರ ಇದೆ. ಲೆಕ್ಕದ ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನದಲ್ಲಿ, ಒಂದು ಬೇರೆ ಜಾಗದಲ್ಲಿ. ಕಂಪ್ಯೂಟರಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಲ್ಲಿ ಒಂದು, ಗೂಗಲ್ ಡ್ರೈವಲ್ಲಿ ಒಂದು. ಗೂಗಲ್ ಖಾತೆಗೆ 15 ಜಿಬಿ ಉಚಿತ. ನಮ್ಮಂಥವರ ಲೆಕ್ಕಕ್ಕೆ ಧಾರಾಳ ಸಾಕು. ಹೊರಗಿನ ಡಿಸ್ಕನ್ನು ಪ್ರತಿ ತೆಗೆದ ಮೇಲೆ ಕಳಚಿ ಬೇರೆ ಕಡೆ ಇಡಿ. ಸಿಕ್ಕಿಸಿಯೇ ಬಿಟ್ಟರೆ ಸಿಡಿಲು, ವೈರಸ್ ಎರಡಕ್ಕೂ ಒಟ್ಟಿಗೇ ಬಲಿ.

ದೊಡ್ಡ ಸಂಘಗಳ ಸರ್ವರಲ್ಲಿ ಎರಡು ಡಿಸ್ಕಿಗೆ ಒಟ್ಟಿಗೆ ಬರೆಯೋ ರೇಡ್ ವ್ಯವಸ್ಥೆ ಇರುತ್ತೆ. ಒಂದು ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲಲ್ಲ. ಆದರೆ ತಪ್ಪಿ ಅಳಿಸಿದರೆ ಎರಡರಲ್ಲೂ ಅಳಿಯುತ್ತೆ. ಅದಕ್ಕೇ ಅದನ್ನು ಬ್ಯಾಕಪ್ ಅಂತ ನಂಬಬೇಡಿ.

ಇನ್ನೊಂದು ಮಾತು. ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಲ್ಲಿ ತೆರೆದು ನೋಡಿ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಅನ್ನೋ ದೊಡ್ಡ ಸಾಫ್ಟ್‌ವೇರ್ ಕಂಪನಿಯಲ್ಲಿ ಸಿಬ್ಬಂದಿಯೊಬ್ಬರು ತಪ್ಪಿ ಮುಖ್ಯ ಡೇಟಾಬೇಸ್ ಅಳಿಸಿಬಿಟ್ಟರು. ದಿನಾ ಬ್ಯಾಕಪ್ ಆಗ್ತಿದೆ ಅಂತ ಅವರು ನಂಬಿದ್ದರು, ನೋಡಿದರೆ ಆಗ್ತಾನೇ ಇರಲಿಲ್ಲ. ಆರು ಗಂಟೆ ಹಿಂದಿನ ಒಂದು ಪ್ರತಿ ಅದೃಷ್ಟಕ್ಕೆ ಸಿಕ್ತು. ಅಂಥವರಿಗೇ ಹೀಗಾದರೆ ನಾವೆಷ್ಟರವರು?

ಕೊನೆಗೆ ನಮ್ಮನ್ನು ಉಳಿಸಿದ್ದು ಯಾವ ಲ್ಯಾಬೂ ಅಲ್ಲ. ಕೊಬ್ಬರಿ ಹಾಕಿದ ಹುಡುಗರು ತೂಕದ ಚೀಟಿಯ ಫೋಟೋ ಮೊಬೈಲಲ್ಲಿ ಇಟ್ಟುಕೊಂಡಿದ್ದರು. ಅವನ್ನೂ ಬ್ಯಾಂಕ್ ಪಾಸ್‌ಬುಕ್ಕನ್ನೂ ಮುಂದಿಟ್ಟುಕೊಂಡು ಹದಿನೈದು ದಿನ ಕೂತು ಲೆಕ್ಕ ಮತ್ತೆ ಬರೆದೆವು. ಎರಡು ಮೂರು ಮನೆಯ ಲೆಕ್ಕ ಮಾತ್ರ ಬಾಯಿಮಾತಿನ ಮೇಲೆ ಮುಗೀತು. ಅವರು ಹೇಳಿದ್ದನ್ನೇ ಒಪ್ಪಿಕೊಂಡೆವು.

ಹಾಗಾಗಿ ನೀವು ಎಲ್ಲೇ ಕೊಬ್ಬರಿ ಹಾಕಿ, ಹಾಲು ಹಾಕಿ, ಚೀಟಿ ಕೈಗೆ ಬಂದ ತಕ್ಷಣ ದಿನಾಂಕ, ತೂಕ ಕಾಣೋ ಹಾಗೆ ಫೋಟೋ ತೆಗೆದು ಮನೆಯವರೊಬ್ಬರಿಗೆ ವಾಟ್ಸಾಪ್ ಮಾಡಿ. ಅವರ ಕಂಪ್ಯೂಟರ್ ಕೆಟ್ಟ ದಿನ ನಿಮ್ಮ ದುಡಿಮೆಗೆ ಅದೇ ಸಾಕ್ಷಿ.