ಪಥ್ಯದ ಜೊತೆಗಾತಿಯರು

ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಚರಕನ ಮತ: ವೈದ್ಯ, ಔಷಧ, ಪರಿಚಾರಕ, ರೋಗಿ. ನಾವು ಮರೆತಿದ್ದ ಮೂರನೆಯ ಪಾದವು ಈಗ ನಗರಗಳಲ್ಲಿ, ಹಣ ತೆರಬಲ್ಲವರ ಪಾಲಿಗೆ, 'ಹೆಲ್ತ್ ಕೋಚ್' ಎಂಬ ಹೆಸರಿನಿಂದ ಮರಳಿ ಬಂದಿದೆ.

ನಮ್ಮ ಬಿಳಿಕೆರೆಯ ಕಡೆ ಆ ಕೆಲಸ ನಡೆಸುತ್ತಿರುವವರು 2005ರ ಗ್ರಾಮೀಣ ಆರೋಗ್ಯ ಅಭಿಯಾನದೊಡನೆ ಬಂದ ಆಶಾ ಕಾರ್ಯಕರ್ತೆಯರು. ಬಸುರಿ ಬಾಣಂತಿಯರ ಆರೈಕೆಯಲ್ಲದೆ, 30 ದಾಟಿದವರ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ವಿಚಾರಣೆಯೂ ಅವರದೇ. ಹೊಗೆಸೊಪ್ಪಿನ ಹೊಲದ ಬದುವಿನಲ್ಲಿ ನಿಂತು, "ಅಣ್ಣಯ್ಯ, ಮಾತ್ರೆ ನುಂಗಿದ್ರಾ?" ಎಂದು ಕೇಳುವವರನ್ನು ನಾನು ಕಂಡಿದ್ದೇನೆ. ಉಣ್ಣುವವನ ಮುದ್ದೆಯ ಗಾತ್ರವನ್ನೂ ಅವನ ದುಡಿಮೆಯನ್ನೂ ಬಲ್ಲವರು ಹೇಳಿದ ಪಥ್ಯವೇ ನಿಲ್ಲುವುದು.

ಆದರೂ ಅವರಿಗೆ ಸಲ್ಲುವುದು ಸಂಬಳವಲ್ಲ, ಗೌರವಧನ. ಆ ಪದದ ಎರಡು ಅರ್ಧಗಳೂ ಪೂರ್ಣವಾಗಿ ಸಲ್ಲುವುದು ಎಂದಿಗೆ?