ವಿಕ್ರಾಂತದ ಪ್ರತಿಕೃತಿ: ಆಕರಗಳ ಕಾಲನಿರ್ಣಯ

1961ರಿಂದ 1997ರವರೆಗೆ ಭಾರತೀಯ ನೌಕಾಪಡೆಯಲ್ಲಿದ್ದ ಮೊದಲ ವಿಕ್ರಾಂತ ವಿಮಾನವಾಹಕ ನೌಕೆಯ ಪ್ರತಿಕೃತಿಯನ್ನು ರಚಿಸಲೆಳಸುವವನು ಮೊದಲು ನಿಶ್ಚಯಿಸಬೇಕಾದುದು ಅಳತೆಯನ್ನಲ್ಲ, ವರ್ಷವನ್ನು. 1971ರ ಯುದ್ಧದಲ್ಲಿ ಸೀ ಹಾಕ್, ಅಲಿಝೆ ವಿಮಾನಗಳನ್ನು ಉಗಿಯ ಕವಣೆಯಂತ್ರವು ಹಾರಿಸುತ್ತಿದ್ದಿತು. ಮೇಲಟ್ಟದ ಮುಂತುದಿ ಆಗ ಸಮತಟ್ಟು. 1980ರ ದಶಕದ ಉತ್ತರಾರ್ಧದ ನವೀಕರಣದಲ್ಲಿ ಆ ಯಂತ್ರವನ್ನು ತೆಗೆದು, ಸೀ ಹ್ಯಾರಿಯರ್ ವಿಮಾನಗಳಿಗಾಗಿ ಮುಂತುದಿಯನ್ನು ಏರುದಾರಿಯಂತೆ ಮೇಲೆತ್ತಲಾಯಿತು. ಮುಂಬಯಿಯಲ್ಲಿ ಅದು ವಸ್ತುಸಂಗ್ರಹಾಲಯವಾಗಿದ್ದಾಗ ತೆಗೆದ ಛಾಯಾಚಿತ್ರಗಳು ಹೇರಳ. ಆದರೆ ಅವೆಲ್ಲವೂ ಈ ಎರಡನೆಯ ರೂಪದವು. ಅವನ್ನೇ ನಂಬಿ 1971ರ ನೌಕೆಯನ್ನು ಕಟ್ಟಿದರೆ ಎಂದೂ ತೇಲದ ಹಡಗೊಂದು ಸಿದ್ಧವಾದೀತು! ‘ಮೆಜೆಸ್ಟಿಕ್’ ವರ್ಗದ ಸೋದರ ನೌಕೆಗಳ ನಕ್ಷೆ ಒಡಲಿಗೆ ಒದಗೀತು, ಮೇಲ್ಕಟ್ಟಡಕ್ಕೆ ಒದಗದು. 2014ರಲ್ಲಿ ನೌಕೆಯನ್ನು ಒಡೆಯತೊಡಗಿದ ಮೇಲೆ, ಹೋಗಿ ಅಳೆದು ನೋಡುವ ಮಾರ್ಗವೂ ಮುಚ್ಚಿತು. ಆದುದರಿಂದ ತಾರೀಖಿಲ್ಲದ ಚಿತ್ರದಲ್ಲಿ ನಾವು ಮೊದಲು ಪರಿಶೀಲಿಸುವುದು ಮುಂತುದಿಯನ್ನು, ಅನಂತರ ವಿಮಾನಗಳನ್ನು.