ಆರಂಭಿಕ ಫಂಕ್ಷನ್ ಮತ್ತು ಗಡಿಯ ನುಡಿ

ವಯನಾಡಿನ ತೋಲ್ಪೆಟ್ಟಿಯನ್ನು ದಾಟಿದರೆ ಕೊಡಗಿನ ಕುಟ್ಟ. ಗಡಿಯ ಎರಡೂ ಬದಿಯಲ್ಲಿರುವ ರಾವುಳ ನುಡಿಯವರನ್ನು ಕೇರಳದಲ್ಲಿ ಅಡಿಯರೆಂದೂ ಕೊಡಗಿನಲ್ಲಿ ಯರವರೆಂದೂ ಕರೆಯುತ್ತಾರೆ. ಐಎಸ್‌ಒ 639-3ರಲ್ಲಿ ಈ ನುಡಿಯ ಸಂಕೇತ ‘ವೈಇಎ’. ಇದನ್ನು ಕನ್ನಡ, ಮಲಯಾಳಂ ಎರಡೂ ಲಿಪಿಗಳಲ್ಲಿ ಬರೆಯಬಹುದಾದ್ದರಿಂದ, ಪಠ್ಯವನ್ನು ನಿರ್ವಹಿಸುವ ತಂತ್ರಾಂಶ ಲೈಬ್ರರಿಗೆ ನುಡಿಯನ್ನೂ ಲಿಪಿಯನ್ನೂ ತಿಳಿಸಲೇಬೇಕು.

ಕಮಾಂಡ್‌ಲೈನ್ ಆರ್ಗ್ಯುಮೆಂಟುಗಳು ಮುಖ್ಯ ಪ್ರೋಗ್ರಾಮಿನ ಸ್ವತ್ತು, ಅದರೊಳಗೆ ಅತಿಥಿಯಾಗಿ ಬರುವ ಲೈಬ್ರರಿಯದಲ್ಲ. ಜಿಟಿಕೆ 3ರ ಆರಂಭಿಕ ಫಂಕ್ಷನ್ ಅವುಗಳನ್ನು ಪಡೆದು ತನಗೆ ಸೇರಿದವನ್ನು ಹೆಕ್ಕಿಕೊಳ್ಳುತ್ತಿತ್ತು; 2020ರ ಜಿಟಿಕೆ 4ರಲ್ಲಿ ಅದು ಏನನ್ನೂ ಕೇಳುವುದಿಲ್ಲ. 2019ರ ಪೈಥಾನ್ 3.8 ಬೇರೊಂದು ದಾರಿ ತೆರೆಯಿತು: ಆಯ್ಕೆಗಳನ್ನು ಒಂದು ಕಾನ್ಫಿಗರೇಶನ್ ರಚನೆಯಲ್ಲಿ ತುಂಬಿ ಆರಂಭಿಕ ಕರೆಗೆ ಒಪ್ಪಿಸುವುದು.

ಗಡಿನುಡಿಗಳಿಗೆ ಎರಡನೆಯದೇ ಯುಕ್ತ. ಏನನ್ನೂ ಕೇಳದ ಲೈಬ್ರರಿ ಗಣಕದ ಲೊಕೇಲನ್ನು ನೆಚ್ಚಬೇಕಾಗುತ್ತದೆ. ನುಡಿಯನ್ನು ಹೇಳದೆ ಊಹೆಗೆ ಬಿಟ್ಟರೆ ಹಾರ್ಫ್‌ಬಝ್ ಕೂಡ ಹಾಗೆಯೇ ಮಾಡುತ್ತದೆ. ಆಗ ಒಂದೇ ರಾವುಳ ಪಠ್ಯ ಕನ್ನಡ ಲೊಕೇಲಿನಲ್ಲಿ ಕನ್ನಡವೆಂದೂ ಮಲಯಾಳಂ ಲೊಕೇಲಿನಲ್ಲಿ ಮಲಯಾಳವೆಂದೂ ದಾಖಲಾಗಬಹುದು. ನುಡಿ ತನ್ನ ಹೆಸರನ್ನೇ ಕಳೆದುಕೊಳ್ಳುತ್ತದೆ. ಆದುದರಿಂದ ಆರಂಭಿಕ ಫಂಕ್ಷನ್ ನುಡಿ, ಲಿಪಿಗಳ ಸಂಕೇತಗಳನ್ನು ಕಡ್ಡಾಯವಾಗಿ ಪಡೆಯಬೇಕು; ಅವು ಬಾರದಿದ್ದರೆ ಊಹಿಸದೆ ದೋಷವನ್ನು ವರದಿ ಮಾಡಬೇಕು. ಒಂದೇ ಪ್ರೋಗ್ರಾಮಿಗೆ ಎರಡೂ ಲಿಪಿ ಬೇಕಾಗಬಹುದಾದ್ದರಿಂದ, ಆಯ್ಕೆಗಳನ್ನು ಎಲ್ಲರಿಗೂ ಸಾಮಾನ್ಯವಾದ ಒಂದೆಡೆ ಇರಿಸದೆ, ಪ್ರತಿ ಕರೆಗೂ ಪ್ರತ್ಯೇಕವಾಗಿ ಕಾಯ್ದುಕೊಳ್ಳಬೇಕು.